ಮೂರನೇ ಕುರ್ಚಿ ಬೇಡ ಅಂದವಳು ನಾನೇ

ಟಿವಿಯನ್ನು ಬೈಯುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ. ಅದರಲ್ಲೂ ಎಲೆಕ್ಷನ್ ಟೈಮಿನಲ್ಲಿ ಡಿಬೇಟು ಬಂದರೆ ಮುಗಿಯಿತು. ದೊಡ್ಡ ವೇದಿಕೆ, ಎರಡು ಪೋಡಿಯಂ, ಇಬ್ಬರು ನಾಯಕರು. ಬ್ಯಾಲೆಟ್ ಪೇಪರು ತೆಗೆದು ನೋಡಿದರೆ ಇನ್ನೂ ಮೂರು ನಾಲ್ಕು ಪಕ್ಷಗಳ ಹೆಸರಿರುತ್ತದೆ. ಅವರೆಲ್ಲಿ ಹೋದರು? ಸರ್ವೇಯಲ್ಲಿ ಅವರಿಗೆ ಸಾಕಷ್ಟು ಬೆಂಬಲ ಇಲ್ಲ, ಅದಕ್ಕೆ ಕರೆದಿಲ್ಲ ಅನ್ನುತ್ತಾರೆ. ಕರೆಯದೆ ಇದ್ದರೆ ಜನಕ್ಕೆ ಅವರ ಮುಖ ಗೊತ್ತಾಗುವುದು ಹೇಗೆ? ಮುಖ ಗೊತ್ತಾಗದೆ ಬೆಂಬಲ ಬರುವುದು ಹೇಗೆ? ಸೋಫಾ ಮೇಲೆ ಕಾಲು ಮಡಚಿ ಕೂತು, ಚುರುಮುರಿ ಬಟ್ಟಲು ಹಿಡಿದು, ನಾನು ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದೇನೋ. ನನ್ನ ಗಂಡ ಉತ್ತರ ಕೊಡುವುದಿಲ್ಲ, ಸೌಂಡು ಜಾಸ್ತಿ ಮಾಡುತ್ತಾರೆ. (ಟಿವಿಯದ್ದು.)

ಯಾರನ್ನು ಕರೀಬೇಕು, ಯಾರನ್ನು ಬಿಡಬೇಕು ಅಂತ ತೀರ್ಮಾನ ಮಾಡುವ ಈ ಮಹಾನುಭಾವರು ಯಾರು, ಒಂದು ಸಲ ನನ್ನ ಕೈಗೆ ಸಿಗಲಿ ಅಂತಲೂ ಅಂದಿದ್ದುಂಟು.

ಸಿಕ್ಕಿದರು. ಕಳೆದ ತಿಂಗಳು ಆ ಮಹಾನುಭಾವರಲ್ಲಿ ಒಬ್ಬಳು ನಾನೇ ಆದೆ.

ವಿಷಯ ಸಮುದ್ರದಾಚೆಯ ಈ ಊರಿನಲ್ಲಿ ನಾವು ಕಟ್ಟಿಕೊಂಡಿರುವ ಕನ್ನಡ ಸಂಘದ ಚುನಾವಣೆಯದು. ನಗಬೇಡಿ. ನಮ್ಮ ಸಂಘದಲ್ಲಿ ಇಷ್ಟು ವರ್ಷ ಚುನಾವಣೆ ಅಂತ ಒಂದು ನಡೆದದ್ದೇ ಇಲ್ಲ. ಯಾರು ತಪ್ಪಿಸಿಕೊಳ್ಳಲು ಆಗದೆ ಸಿಕ್ಕಿಬೀಳುತ್ತಾರೋ ಅವರನ್ನು ಅಧ್ಯಕ್ಷರು ಅಂತ ಕೂರಿಸಿ, ಶಾಲು ಹೊದಿಸಿ, ಚಪ್ಪಾಳೆ ತಟ್ಟಿ ಊಟಕ್ಕೆ ಏಳುತ್ತಿದ್ದೆವು. ಈ ವರ್ಷ ಅದೇನು ಗಾಳಿ ಬೀಸಿತೋ, ಏಳೇಳು ಜನರ ಎರಡು ಪ್ಯಾನೆಲ್ ಎದುರುಬದುರು ನಿಂತವು. ನಮ್ಮೂರಿನ ಕಮ್ಯುನಿಟಿ ಟಿವಿ ಚಾನೆಲ್ಲೊಂದು ಭಾನುವಾರ ಬೆಳಗ್ಗೆ ಕನ್ನಡಕ್ಕೆ ಅಂತ ಒಂದು ಗಂಟೆ ಕೊಡುತ್ತದೆ. ಸಾಮಾನ್ಯವಾಗಿ ಅದರಲ್ಲಿ ಮಕ್ಕಳ ಡ್ಯಾನ್ಸು, ಅವರೇಕಾಯಿ ಸಾರು ಮಾಡುವ ವಿಧಾನ, ಆಮೇಲೆ ಯಾರಾದರೂ ಡಾಕ್ಟರು ಶುಗರ್ ಬಗ್ಗೆ ಮಾತಾಡುವುದು. ಈ ಸಲ ನಾಯಕರ ಡಿಬೇಟನ್ನೇ ಮಾಡಿಬಿಡೋಣ ಅಂತಾಯಿತು.

ಡಿಬೇಟು ಅಂದಮೇಲೆ ಕಮಿಟಿ ಬೇಡವೇ? ಮೂರು ಜನರ ಕಮಿಟಿ ಆಯಿತು. ಒಬ್ಬರು ಪ್ರಸಾದ್, ಇರುವುದು ಫಾಸ್ಟರ್ ಸಿಟಿಯಲ್ಲಿ, ಆಫೀಸಿನಲ್ಲಿ ಪ್ರೋಗ್ರಾಂ ಮ್ಯಾನೇಜರು, ಮನೆಯಲ್ಲೂ ಅದೇ. ಇನ್ನೊಬ್ಬರು ಮಂಜುನಾಥ್, ಮೈಸೂರಿನವರು, ಹಲ್ಲಿನ ಡಾಕ್ಟರು, ಈಗ ರಿಟೈರಾಗಿದ್ದಾರೆ. ಮೂರನೆಯವಳು ನಾನು. ಪೇಪರಿಗೆ ಬರೀತೀರಲ್ಲ ಸುಮಾ ಅವರೇ, ನೀವಿದ್ದರೆ ಒಂದು ತೂಕ ಇರುತ್ತೆ ಅಂದರು. ನಾನು ಉಬ್ಬಿಹೋದೆ.

ಮೊದಲ ಮೀಟಿಂಗಿಗೇ ಪ್ರಸಾದ್ ಹನ್ನೊಂದು ಪುಟದ ಡಾಕ್ಯುಮೆಂಟು ತಂದರು. ಅದರ ಹೆಸರು ‘ಡಿಬೇಟಿಗೆ ಅರ್ಹತೆ, ವರ್ಷನ್ ನಾಲ್ಕು’. (ಒಂದು, ಎರಡು, ಮೂರನ್ನು ಯಾರು ಓದಿದ್ದರೋ ಗೊತ್ತಿಲ್ಲ.) ಹನ್ನೊಂದು ಪುಟದ ಸಾರ ಇಷ್ಟು. ಡಿಬೇಟಿಗೆ ಬರಬೇಕಾದ ತಂಡಕ್ಕೆ ಇಪ್ಪತ್ತೈದು ಸದಸ್ಯರು ಸಹಿ ಹಾಕಿ ಬೆಂಬಲ ಕೊಟ್ಟಿರಬೇಕು. ಸಹಿಯ ಫೈಲನ್ನು ಗೊತ್ತು ಮಾಡಿದ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಕಮಿಟಿಗೆ ಒಪ್ಪಿಸಬೇಕು. ಇಷ್ಟೇ ಆಗಿದ್ದರೆ ಏನೂ ತೊಂದರೆ ಇರಲಿಲ್ಲ. ‘ತಂಡದ ನಾಯಕರು ಖುದ್ದಾಗಿ ಬಂದು ಒಪ್ಪಿಸಬೇಕು’ ಅನ್ನುವ ಸಾಲು ಸೇರಿಸಿದ್ದು ನಾನು. ಒಂದು ಸಲ ಯಾರೋ ತಮಾಷೆಗೆ ತಮ್ಮ ನಾಯಿಯ ಹೆಸರಿನಲ್ಲಿ ಆನ್‌ಲೈನ್ ಫಾರ್ಮು ತುಂಬಿ ಕಳಿಸಿದ್ದರು, ಫೋಟೋ ಸಮೇತ. ಅದು ನೆನಪಾಗಿ ಖುದ್ದಾಗಿ ಬರಲಿ ಅಂದೆ. ಪ್ರಸಾದ್ ಖುಷಿಯಾಗಿ ವರ್ಷನ್ ಐದು ಮಾಡಿದರು.

ಫೈಲು ಒಪ್ಪಿಸುವ ಜಾಗ ಪ್ರಸಾದ್ ಅವರ ಮನೆ ಪಕ್ಕದ ಕ್ಲಬ್‌ಹೌಸು. ಲಗೂನ್ ಅನ್ನುವ ಹಿನ್ನೀರಿನ ದಂಡೆಯಲ್ಲಿದೆ, ಚೆನ್ನಾಗಿದೆ, ಕಾಫಿ ಮೆಷಿನ್ ಇದೆ. ಎಲ್ಲರಿಗೂ ಅನುಕೂಲ ಅಂತ ಬರೆದೆವು. ಎಲ್ಲರಿಗೂ ಅಂದರೆ ಯಾರಿಗೆ ಅಂತ ಆವತ್ತು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಇದಾದ ವಾರಕ್ಕೆ ಮೂರನೇ ತಂಡ ಹುಟ್ಟಿತು. ಅದರ ನಾಯಕಿ ವಿಮಲಾ.

ವಿಮಲಾ ನನ್ನ ಗೆಳತಿ. ಉಡುಪಿ ಕಡೆಯವಳು, ಮನೆಯಲ್ಲಿ ತುಳು, ನಮ್ಮ ಜೊತೆ ಅವಳ ಆ ಸ್ಪಷ್ಟವಾದ ಕನ್ನಡ. ಇರುವುದು ಬೆರ್ರಿಯೆಸಾದಲ್ಲಿ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು, ಹದಿನೆಂಟು ವರ್ಷ ತಾನೇ ಡ್ರೈವ್ ಮಾಡಿಕೊಂಡು ಓಡಾಡಿದವಳು. ಐದು ವರ್ಷದ ಹಿಂದೆ ಎರಡು ಸಲ ಫಿಟ್ಸ್ ಬಂತು. ಲೈಸೆನ್ಸು ಹೋಯಿತು. ಈಗ ಮನೆಯಿಂದಲೇ ಕೆಲಸ. ಗಂಡ ಫಾರ್ಮಸಿಸ್ಟು, ಶನಿವಾರ ಭಾನುವಾರವೇ ಅವರಿಗೆ ಡ್ಯೂಟಿ. ಇಲ್ಲಿ ಡ್ರೈವ್ ಮಾಡಲಾಗದವರ ಕಷ್ಟ ಏನು ಅಂತ ಇಲ್ಲಿ ಇದ್ದವರಿಗೇ ಗೊತ್ತು. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕಾದರೂ ಇನ್ನೊಬ್ಬರ ಮುಖ ನೋಡಬೇಕು.

ನಮ್ಮ ಸಂಘದ ಕಾರ್ಯಕ್ರಮಗಳು ನಡೆಯುವುದು ಫ್ರೀವೇ ದಾಟಿ ಗುಡ್ಡದ ಮೇಲಿರುವ ಒಂದು ಹೈಸ್ಕೂಲಿನಲ್ಲಿ. ಹಾಲ್ ದೊಡ್ಡದು, ಪಾರ್ಕಿಂಗ್ ಧಾರಾಳ, ಆದರೆ ಭಾನುವಾರ ಆ ಕಡೆ ಒಂದು ಬಸ್ಸೂ ಹೋಗುವುದಿಲ್ಲ. ಯುಗಾದಿಗೆ, ರಾಜ್ಯೋತ್ಸವಕ್ಕೆ ವಿಮಲಾಳನ್ನು ಕರೆದುಕೊಂಡು ಹೋಗುತ್ತಿದ್ದವಳು ನಾನೇ. ಎವರ್‌ಗ್ರೀನ್‌ನ ನಮ್ಮ ಮನೆಯಿಂದ ಬೆರ್ರಿಯೆಸಾಕ್ಕೆ ಹೋಗಿ, ಅವಳನ್ನು ಹತ್ತಿಸಿಕೊಂಡು, ಮತ್ತೆ ವಾಪಸು ಬಿಟ್ಟು ಬರುವುದು. ಬೇಜಾರಿಲ್ಲದೆ ಮಾಡಿದ್ದೇನೆ. ಬೇಜಾರಿಲ್ಲದೆ ಮಾಡುತ್ತೇನೆ ಅಂತ ನಾಲ್ಕು ಜನಕ್ಕೆ ಗೊತ್ತಾಗುವ ಹಾಗೂ ಮಾಡಿದ್ದೇನೆ, ಅದನ್ನು ಯಾಕೆ ಮುಚ್ಚಿಡಲಿ.

ವಿಮಲಾಳ ತಂಡದಲ್ಲಿ ಇದ್ದದ್ದು ಮೂರೇ ಜನ. ಅವಳು, ಅವಳ ಬೀದಿಯ ಒಬ್ಬ ನಿವೃತ್ತ ಮೇಷ್ಟ್ರು, ಮತ್ತೆ ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಫೇಲಾದ, ಹೊಸದಾಗಿ ಮದುವೆಯಾಗಿ ಬಂದ ಒಬ್ಬಳು ಹುಡುಗಿ. ಅವರದ್ದು ಒಂದೇ ಬೇಡಿಕೆ. ವರ್ಷದಲ್ಲಿ ಅರ್ಧ ಕಾರ್ಯಕ್ರಮಗಳನ್ನಾದರೂ ಬಾರ್ಟ್ ರೈಲು ಸ್ಟೇಷನ್ನಿನ ಹತ್ತಿರ ಯಾವುದಾದರೂ ಹಾಲ್‌ನಲ್ಲಿ ಇಡಿ, ಕಾರಿಲ್ಲದವರು ಅವರಷ್ಟಕ್ಕೆ ಅವರು ಬಂದು ಹೋಗಲಿ. ಗೆಲ್ಲುವ ಆಸೆ ಅವಳಿಗೆ ಇರಲಿಲ್ಲ. ಟಿವಿಯಲ್ಲಿ ಐದು ನಿಮಿಷ ಸಿಕ್ಕರೆ ಸಾಕು ಅನ್ನುತ್ತಿದ್ದಳು. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಹಾಲ್‌ಗೆ ಬರಲಾಗದವರು ಮನೆಯಲ್ಲಿ ಕೂತು ನೋಡುವುದು ಆ ಭಾನುವಾರದ ಪ್ರೋಗ್ರಾಮನ್ನೇ.

ಫೈಲು ಒಪ್ಪಿಸುವ ಭಾನುವಾರ ಬಂತು. ಹಿಂದಿನ ದಿನ ವಿಮಲಾ ಫೋನ್ ಮಾಡಿದಳು. ನಾಳೆ ನೀನು ಫಾಸ್ಟರ್ ಸಿಟಿಗೆ ಹೋಗ್ತೀಯಲ್ಲ, ನಾನೂ ಬರಲಾ ಅಂತ ಕೇಳಿದಳು. ಎಂದಿನಂತೆ ಕೇಳಿದಳು, ಏನೂ ಮನಸ್ಸಿನಲ್ಲಿ ಇಟ್ಟುಕೊಳ್ಳದೆ.

ನಾನು ಬೇಡ ಅಂದೆ.

ಹೌದು, ನಾನೇ. ನೋಡು ವಿಮಲಾ, ನಾನು ಕಮಿಟಿಯಲ್ಲಿ ಇದ್ದೀನಿ, ನನ್ನ ಕಾರಲ್ಲೇ ನೀನು ಬಂದು ಇಳಿದರೆ ಬೇರೆ ಪ್ಯಾನೆಲ್ಲಿನವರು ಏನಂದ್ಕೋತಾರೆ, ನ್ಯೂಟ್ರಲ್ ಆಗಿರಬೇಕಲ್ವಾ ಅಂದೆ. ಟ್ಯಾಕ್ಸಿ ಮಾಡ್ಕೊಂಡು ಬಾ ಅಂತಲೂ ಸೇರಿಸಿದೆ. ಹೇಳುವಾಗ ಎಷ್ಟು ದೊಡ್ಡವಳಾದ ಹಾಗೆ ಅನ್ನಿಸಿತು ಗೊತ್ತಾ? ಐದು ವರ್ಷ ಯಾವ ರಾಜಕೀಯವೂ ಇಲ್ಲದೆ ನನ್ನ ಪಕ್ಕದ ಸೀಟಿನಲ್ಲಿ ಕೂತವಳು ಒಂದೇ ದಿನದಲ್ಲಿ ನನಗೆ ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್ ಆಗಿಬಿಟ್ಟಳು.

ಅವಳು ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. “ಅದೂ ಹೌದು ಮಾರಾಯ್ತಿ. ನಾನು ಬಸ್ಸಿನಲ್ಲೇ ಬರ್ತೇನೆ. ಹೇಗೂ ಅದನ್ನೇ ಡಿಬೇಟಿನಲ್ಲಿ ಹೇಳ್ಲಿಕ್ಕುಂಟಲ್ಲ, ಒಮ್ಮೆ ಬಂದೇ ನೋಡುವ” ಅಂದಳು.

ಬೆರ್ರಿಯೆಸಾದಿಂದ ಫಾಸ್ಟರ್ ಸಿಟಿಗೆ ಕಾರಿನಲ್ಲಿ ಟ್ರಾಫಿಕ್ ಇಲ್ಲದಿದ್ದರೆ ಮುಕ್ಕಾಲು ಗಂಟೆಯೂ ಬೇಡ. ಬಸ್ಸಿನಲ್ಲಿ? ಒಂದು ಬಸ್ಸು, ಒಂದು ರೈಲು, ಮತ್ತೊಂದು ಬಸ್ಸು, ಆಮೇಲೆ ನಡಿಗೆ. ಅದೂ ಭಾನುವಾರ. ಇದನ್ನು ನಾನು ಆಮೇಲೆ ಫೋನಿನಲ್ಲಿ ಹಾಕಿ ನೋಡಿದೆ. ಮೊದಲೇ ನೋಡಬಹುದಿತ್ತು, ನೋಡಲಿಲ್ಲ.

ಮೊದಲನೇ ಪ್ಯಾನೆಲ್ಲಿನವರು ಎರಡು ಗಂಟೆಗೇ ಬಂದರು. ಎರಡನೆಯವರು ಎರಡೂವರೆಗೆ, ಜೊತೆಗೆ ಒಂದು ಡಬ್ಬಿ ಮೈಸೂರು ಪಾಕು. (ಕಮಿಟಿಯ ಮೇಲೆ ಪ್ರಭಾವ ಬೀರುವಂತಿಲ್ಲ ಅಂತ ಪ್ರಸಾದ್ ಡಬ್ಬಿಯನ್ನು ಟೇಬಲ್ಲಿನ ಆ ಕಡೆಗೆ ಸರಿಸಿದರು. ತಿನ್ನುವಾಗ ಮಾತ್ರ ಈ ಕಡೆಗೆ.) ಮೂರು ಗಂಟೆಯಾಯಿತು. ಪ್ರಸಾದ್ ಟೈಮು ನೋಡಿ, ಮಿನಿಟ್ಸಿನಲ್ಲಿ ಬರೆದುಕೊಂಡರು. ನಾನು ಕಿಟಕಿಯ ಹೊರಗೆ ನೋಡುತ್ತಾ ಕೂತೆ. ಫೋನ್ ಮಾಡಿ ಎಲ್ಲಿದ್ದೀಯ ಅಂತ ಕೇಳಬಹುದಿತ್ತು. ಅದೂ ನ್ಯೂಟ್ರಲ್ ಅಲ್ಲ ಅನ್ನಿಸಿ ಮಾಡಲಿಲ್ಲ.

ಮೂರು ಇಪ್ಪತ್ತೈದಕ್ಕೆ ವಿಮಲಾ ಬಂದಳು. ಮುಖ ಕೆಂಪಗಾಗಿತ್ತು, ಸೀರೆ ಬೇರೆ ಉಟ್ಟಿದ್ದಳು ಪಾಪ, ನೆರಿಗೆ ಎಲ್ಲಾ ಕೆದರಿತ್ತು. ರೈಲಿಳಿದು ಹತ್ತಬೇಕಿದ್ದ ಬಸ್ಸು ಕಣ್ಣೆದುರೇ ಹೋಯಿತಂತೆ, ಮುಂದಿನದಕ್ಕೆ ಒಂದು ಗಂಟೆ ಕಾಯಬೇಕಿತ್ತಂತೆ, ರೈಲ್ವೇ ಸ್ಟೇಷನ್ನಿನಿಂದ ಕ್ಲಬ್‌ಹೌಸಿನವರೆಗೆ ನಡೆದೇ ಬಂದಳಂತೆ. ಹೇಳಿ, ಟೇಬಲ್ಲಿನ ಮೇಲೆ ಒಂದು ನೀಲಿ ಫೈಲು ಇಟ್ಟಳು. ಮೂವತ್ತೊಂದು ಸಹಿ ಉಂಟು ಅಂದಳು.

ಮೂವತ್ತೊಂದು. ಬೇಕಾಗಿದ್ದದ್ದು ಇಪ್ಪತ್ತೈದು. ಅದನ್ನು ಹೇಗೆ ಒಟ್ಟು ಮಾಡಿದಳು ಅಂತ ನಾವು ಕೇಳಲಿಲ್ಲ. ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂತಿರಲು ಹೇಳಿ ಕಮಿಟಿ ಚರ್ಚೆಗೆ ಕೂತಿತು.

ಮಂಜುನಾಥ್ ಅವರದ್ದು ಎರಡೇ ಮಾತು. ಆಕೆ ಬಂದಿದ್ದಾರೆ, ಸಹಿ ಇದೆ, ಇನ್ನೊಂದು ಕುರ್ಚಿ ಹಾಕಿದರಾಯಿತು, ಇದರಲ್ಲಿ ಚರ್ಚೆ ಮಾಡೋಕೆ ಏನಿದೆ ಅಂದರು. ಪ್ರಸಾದ್ ಒಪ್ಪಲಿಲ್ಲ. ಅವರು ಕೆಟ್ಟವರಲ್ಲ, ಅದನ್ನು ಹೇಳಲೇಬೇಕು. ಅವರ ವಾದದಲ್ಲೂ ಅರ್ಥ ಇತ್ತು. ಇಬ್ಬರು ಸರಿಯಾದ ಸಮಯಕ್ಕೆ ಬಂದಿದ್ದಾರೆ, ಇವತ್ತು ಇಪ್ಪತ್ತೈದು ನಿಮಿಷ ಬಿಟ್ಟರೆ ನಾಳೆ ಇನ್ನೊಬ್ಬರು ಎರಡು ಗಂಟೆ ಅಂತಾರೆ, ಮೂರು ಜನರ ತಂಡಕ್ಕೂ ಏಳು ಜನರ ತಂಡಕ್ಕೂ ಸಮ ಟೈಮು ಕೊಟ್ಟರೆ ಅವರು ಸುಮ್ಮನಿರುತ್ತಾರಾ, ಸಾಲದ್ದಕ್ಕೆ ಸ್ಟುಡಿಯೋ ಇರುವುದೇ ಒಂದು ಗಂಟೆ, ಮೂವರಾದರೆ ಯಾರಿಗೂ ಟೈಮು ಸಾಕಾಗುವುದಿಲ್ಲ. ಹೀಗೆ.

ಒಂದು ಓಟು ಆ ಕಡೆ, ಒಂದು ಓಟು ಈ ಕಡೆ. ಇಬ್ಬರೂ ನನ್ನನ್ನು ನೋಡಿದರು.

ಆ ಕ್ಷಣ ನನ್ನ ತಲೆಯಲ್ಲಿ ಏನಿತ್ತು ಅಂತ ನಿಜ ಹೇಳಿಬಿಡುತ್ತೇನೆ. ಬಸ್ಸೂ ಇರಲಿಲ್ಲ, ಸಹಿಯೂ ಇರಲಿಲ್ಲ, ಡಿಬೇಟೂ ಇರಲಿಲ್ಲ. ವಿಮಲಾ ಸುಮಾ ಫ್ರೆಂಡ್ ಅಲ್ವಾ, ಅದಕ್ಕೇ ಒಳಗೆ ಬಿಟ್ಟಿದ್ದಾಳೆ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಬರುವ ಮೆಸೇಜು ಮಾತ್ರ ಇತ್ತು. ಇನ್ನೂ ಯಾರೂ ಬರೆದಿರಲಿಲ್ಲ. ಆದರೆ ನನಗೆ ಅಕ್ಷರ ಅಕ್ಷರ ಕಾಣಿಸುತ್ತಿತ್ತು. ಅವಳು ನನಗೆ ಪರಿಚಯವೇ ಇಲ್ಲದ ಯಾರೋ ಆಗಿದ್ದರೆ ನಾನು ಖಂಡಿತ ಒಳಗೆ ಬಿಡುತ್ತಿದ್ದೆ. ಗೆಳತಿ ಆದದ್ದೇ ಅವಳ ತಪ್ಪು.

ರೂಲ್ ಪ್ರಕಾರ ಹೋಗೋಣ ಅಂದೆ.

ಮಂಜುನಾಥ್ ಕನ್ನಡಕ ತೆಗೆದು ಒರೆಸಿಕೊಂಡರು. ಪ್ರಸಾದ್ ಮಿನಿಟ್ಸ್ ಬರೆದರು. ಹೊರಗೆ ಹೋಗಿ ವಿಮಲಾಳಿಗೆ ಹೇಳುವ ಕೆಲಸ ನನ್ನ ತಲೆಗೇ ಬಂತು. ಫೈಲನ್ನು ಹಾಗೇ ವಾಪಸು ಕೊಟ್ಟೆ. ತಡವಾಗಿ ಬಂದದ್ದರಿಂದ ಪರಿಶೀಲನೆಗೆ ತೆಗೆದುಕೊಂಡಿಲ್ಲ ಅಂದೆ, ಥೇಟ್ ಡಾಕ್ಯುಮೆಂಟಿನ ಭಾಷೆಯಲ್ಲಿ. ಅವಳು ಸರಿ ಅಂದಳು. ವಾಪಸು ಹೋಗುವಾಗ ನಾನೇ ಬಿಡ್ತೀನಿ ಬಾ, ಈಗ ಮೀಟಿಂಗ್ ಮುಗೀತಲ್ಲ ಅಂದೆ. ಎಂಥಾ ಔದಾರ್ಯ ನೋಡಿ.

“ಬೇಡ ಸುಮಾ. ರಿಟರ್ನ್ ಟಿಕೆಟ್ ಉಂಟು” ಅಂದು ಫೈಲನ್ನು ಎದೆಗೆ ಅವಚಿಕೊಂಡು ಹೊರಟಳು. ಲಗೂನ್ ಪಕ್ಕದ ದಾರಿಯಲ್ಲಿ ಸ್ವಲ್ಪ ದೂರದವರೆಗೂ ಕಾಣಿಸುತ್ತಿದ್ದಳು. ಓಡಿ ಹೋಗಿ ನಿಲ್ಲಿಸಬೇಕು ಅನ್ನಿಸಿತು. ಪ್ರಸಾದ್ ನನ್ನ ಸಹಿಗಾಗಿ ಪೆನ್ನು ಹಿಡಿದು ಕಾಯುತ್ತಿದ್ದರು, ಹೋಗಲಿಲ್ಲ.

ಮುಂದಿನ ಶನಿವಾರ ಮಧ್ಯಾಹ್ನ ಡಿಬೇಟಿನ ರೆಕಾರ್ಡಿಂಗು. ಚಿಕ್ಕ ಸ್ಟುಡಿಯೋ, ಎರಡು ಕುರ್ಚಿ, ನಡುವೆ ಮಾಡರೇಟರು. ನನಗೆ ಗಂಟೆ ಹೊಡೆಯುವ ಕೆಲಸ, ಟೈಮು ಮುಗಿದರೆ ಟಿಂಗ್ ಅನ್ನಿಸುವುದು. ಇಬ್ಬರೂ ನಾಯಕರು ಒಳ್ಳೆಯವರು, ಓದಿದವರು, ಚೆನ್ನಾಗಿ ಮಾತಾಡುವವರು. ತೊಂದರೆ ಏನಂದರೆ ಒಬ್ಬರು ಹೇಳಿದ್ದಕ್ಕೆಲ್ಲಾ ಇನ್ನೊಬ್ಬರ ಒಪ್ಪಿಗೆ ಇತ್ತು. ಕನ್ನಡ ಉಳಿಸಬೇಕು. ಹೌದು, ಉಳಿಸಬೇಕು. ಯುವಜನರನ್ನು ಕರೆತರಬೇಕು. ಖಂಡಿತ, ಕರೆತರಬೇಕು. ಊಟದ ಕ್ವಾಲಿಟಿ ಸುಧಾರಿಸಬೇಕು. ಅದರಲ್ಲಿ ಎರಡು ಮಾತಿಲ್ಲ.

ಆಮೇಲೆ ಮಾಡರೇಟರು ಕೇಳಿದರು, ಕಾರ್ಯಕ್ರಮಗಳಿಗೆ ಜನ ಕಡಿಮೆ ಆಗ್ತಿದ್ದಾರಲ್ಲ, ಯಾಕೆ?

ಪಾರ್ಕಿಂಗು ಅಂದರು ಒಬ್ಬರು. ಈಗಿರುವ ಜಾಗ ಸಾಲದು, ಇನ್ನೂ ದೊಡ್ಡ ಪಾರ್ಕಿಂಗ್ ಇರುವ ಹಾಲ್ ಹುಡುಕುತ್ತೇವೆ. ಇನ್ನೊಬ್ಬರು ತಾವು ಈಗಾಗಲೇ ಹುಡುಕಿದ್ದೇವೆ ಅಂದರು, ಫ್ರೀವೇಯಲ್ಲಿ ಇನ್ನೂ ಎರಡು ಎಕ್ಸಿಟ್ ಆಚೆ ಇದೆಯಂತೆ. ಇಬ್ಬರೂ ಹತ್ತು ನಿಮಿಷ ಪಾರ್ಕಿಂಗ್ ಬಗ್ಗೆಯೇ ಮಾತಾಡಿದರು. ಗಂಟೆಯ ಮೇಲೆ ನನ್ನ ಕೈ ಹಾಗೇ ಇತ್ತು. ಕುರ್ಚಿಗಳಿಗೆ ಬರವಿರಲಿಲ್ಲ, ಸ್ಟುಡಿಯೋದ ಗೋಡೆ ಪಕ್ಕ ನಾಲ್ಕು ಮಡಚಿ ಒರಗಿಸಿದ್ದರು.

ಇನ್ನೊಂದು ವಿಷಯ ಕೇಳಿ. ಡಿಬೇಟು ಹನ್ನೆರಡು ನಿಮಿಷ ಮೊದಲೇ ಮುಗಿದುಹೋಯಿತು. ಇಬ್ಬರ ಹತ್ತಿರವೂ ಹೇಳಲು ಏನೂ ಉಳಿದಿರಲಿಲ್ಲ. ಚಾನೆಲ್‌ನವರು ಬಂದು ಖಾಲಿ ಬಿಡೋಕಾಗಲ್ಲ, ಏನಾದರೂ ಕೊಡಿ ಅಂದರು. ಹೋದ ವರ್ಷದ ಮಕ್ಕಳ ಕೋಲಾಟದ ವಿಡಿಯೋ ಕೊಟ್ಟೆವು. ಮೂವರಾದರೆ ಯಾರಿಗೂ ಟೈಮು ಸಾಕಾಗುವುದಿಲ್ಲ ಅಂದಿದ್ದ ಪ್ರಸಾದ್ ನನ್ನ ಮುಖ ನೋಡಲಿಲ್ಲ. ನಾನೂ ಅವರ ಮುಖ ನೋಡಲಿಲ್ಲ.

ಸಂಜೆ ವಿಮಲಾಳಿಗೆ ಫೋನ್ ಮಾಡಿದೆ. ತಪ್ಪಾಯ್ತು ಕಣೇ ಅಂದೆ. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಹೋಗಲಿ ಬಿಡು, ನೀನಾದರೂ ಎಂತ ಮಾಡ್ತೀ ಅಂದಳು. ನನಗೆ ಒಂದು ಉಪಾಯ ಹೊಳೆದಿತ್ತು. ನನ್ನ ಕಾಲಂ ಇದೆಯಲ್ಲ, ನೀನು ಟಿವಿಯಲ್ಲಿ ಏನೇನು ಹೇಳಬೇಕು ಅಂದ್ಕೊಂಡಿದ್ದೆಯೋ ಅದನ್ನೆಲ್ಲಾ ಹೇಳು, ನಾನು ಬರೀತೀನಿ, ಟಿವಿಗಿಂತ ಜಾಸ್ತಿ ಜನ ಓದ್ತಾರೆ ಅಂದೆ. ಸಂತೋಷಪಡುತ್ತಾಳೆ ಅಂದುಕೊಂಡಿದ್ದೆ.



“ಬೇಡ ಸುಮಾ. ಎಲ್ಲಿಗೆ ಹೋಗುವುದಿದ್ದರೂ ನಿನ್ನ ಕಾರಿನಲ್ಲೇ ಹೋದೆ. ಮಾತನ್ನಾದರೂ ನಾನೇ ಆಡುವ ಅಂತಿದ್ದೆ” ಅಂದಳು.

ಫೋನಿಟ್ಟ ಮೇಲೆ ನನಗೆ ಅಳು ಬಂತು, ನಾಚಿಕೆಯೂ ಆಯಿತು. ಆದ್ದರಿಂದ ಅವಳು ಏನು ಹೇಳಬೇಕೆಂದಿದ್ದಳೋ ಅದು ಇಲ್ಲಿ ಇಲ್ಲ. ಅವಳ ಬೇಡಿಕೆ ಏನು ಅಂತ ಎಲ್ಲರಿಗೂ ಗೊತ್ತಿರುವಷ್ಟನ್ನು ಮೇಲೆ ಬರೆದೆ. ಉಳಿದದ್ದು ಅವಳದ್ದು.

ದೊಡ್ಡ ಚುನಾವಣೆಗಳಲ್ಲೂ ಹೀಗೇ ಆಗುತ್ತದೋ ಏನೋ. ಸಣ್ಣ ಪಕ್ಷಗಳನ್ನು ಹೊರಗಿಡಲು ಕೂತವರೆಲ್ಲಾ ದುಷ್ಟರು, ದೊಡ್ಡ ಪಕ್ಷದ ಬಾಲಂಗೋಚಿಗಳು ಅಂತ ನಾನು ಇಷ್ಟು ದಿನ ನಂಬಿದ್ದೆ. ಈಗ ಆ ನಂಬಿಕೆ ಹೋಯಿತು. ನನ್ನ ಹಾಗೆ ಮರ್ಯಾದೆಗೆ ಹೆದರುವ, ಯಾರೂ ಬೆರಳು ತೋರಿಸಬಾರದು ಅನ್ನುವ ಜನ ಇರುತ್ತಾರೆ ಅಷ್ಟೇ. ಟೇಬಲ್ಲಿನ ಮೇಲೆ ರೂಲ್ ಇರುತ್ತದೆ, ಅದರ ಹಿಂದೆ ನಿಂತುಕೊಂಡರೆ ಸುರಕ್ಷಿತ. ರೂಲ್ ಬರೆದವರು ಯಾರು? ಕಾರಿದ್ದವರು. ಕಾರಿದ್ದವರು ಖುದ್ದಾಗಿ ಬನ್ನಿ ಅಂತ ಬರೆದರು, ಕಾರಿದ್ದವರು ಬಂದರು. ಇದರಲ್ಲಿ ಮೋಸ ಎಲ್ಲಿದೆ ತೋರಿಸಿ ಅಂದರೆ ನಾನು ತೋರಿಸಲಾರೆ. ಆದರೆ ಹೊತ್ತಿಗೆ ಬರಲಾಗದವರನ್ನು ಬೆಂಬಲ ಇಲ್ಲದವರು ಅಂತ ಲೆಕ್ಕ ಹಾಕಿದೆವಲ್ಲ, ಅದು ಸುಳ್ಳು ಲೆಕ್ಕ.

ಭಾನುವಾರ ಹನ್ನೊಂದು ಗಂಟೆಗೆ ಡಿಬೇಟು ಪ್ರಸಾರವಾಯಿತು. ನೋಡುವ ಮನಸ್ಸಿರಲಿಲ್ಲ. ಆದರೆ ನಮ್ಮ ಅತ್ತೆ ಬಿಡಬೇಕಲ್ಲ. ಅತ್ತೆ ಧಾರವಾಡದವರು, ಎಂಟು ವರ್ಷದಿಂದ ನಮ್ಮ ಜೊತೆಗೇ ಇದ್ದಾರೆ. ಆ ಒಂದು ಗಂಟೆಯ ಕನ್ನಡ ಪ್ರೋಗ್ರಾಮು ಅವರು ತಪ್ಪಿಸುವುದಿಲ್ಲ. ಸ್ನಾನ ಮುಗಿಸಿ, ತಲೆ ಬಾಚಿ, ಎಲ್ಲಿಗೋ ಹೊರಟವರ ಹಾಗೆ ಒಳ್ಳೆ ಸೀರೆ ಉಟ್ಟು ಟಿವಿ ಮುಂದೆ ಕೂರುತ್ತಾರೆ. ನಾನೂ ನನ್ನ ಗಂಡನೂ ಪಕ್ಕದಲ್ಲಿ ಕೂತೆವು. ಸಂಘದ ಸದಸ್ಯತ್ವ ನಮ್ಮ ಮನೆಯಲ್ಲಿ ಮೂವರಿಗೂ ಇದೆ, ಅತ್ತೆಗೂ ಒಂದು ಓಟಿದೆ.

ಟಿವಿಯಲ್ಲಿ ಪಾರ್ಕಿಂಗ್ ಪುರಾಣ ಶುರುವಾಗುವ ಹೊತ್ತಿಗೆ ಅತ್ತೆ ತಿರುಗಿ ಕೇಳಿದರು, “ವಿಮಲಾ ಯಾವಾಗ ಬರ್ತಾಳ?”

ವಿಮಲಾ ಇದರಲ್ಲಿ ಇಲ್ಲ ಅಂದೆ.

ಯಾಕೆ ಅಂದರು. ಲೇಟಾಗಿ ಬಂದಳು, ರೂಲ್ ಇತ್ತು, ಕಮಿಟಿಯವರು ಬಿಡಲಿಲ್ಲ ಅಂತ ಹೇಳಿದೆ. ಕಮಿಟಿಯವರು ಅನ್ನುವಾಗ ನನ್ನ ದನಿ ಸಣ್ಣಗಾಯಿತು. ಅತ್ತೆ ಟಿವಿ ಕಡೆಗೇ ನೋಡುತ್ತಾ, ಮತ್ತೆ ನಾವು ಕೊಟ್ಟ ಸಹಿ ಏನಾತು ಅಂದರು.

ನಾವು ಅಂದರೆ?

ಆಮೇಲೆ ಒಂದೊಂದೇ ಹೊರಗೆ ಬಂತು. ನಾನು ಆಫೀಸಿಗೆ ಹೋಗಿದ್ದ ಒಂದು ಮಂಗಳವಾರ ವಿಮಲಾ ಎರಡು ಬಸ್ಸು ಬದಲಿಸಿ ನಮ್ಮ ಮನೆಗೆ ಬಂದಿದ್ದಳಂತೆ. ಅತ್ತೆ ಚಹಾ ಮಾಡಿಕೊಟ್ಟರಂತೆ, ಇಬ್ಬರೂ ಹಿತ್ತಲಲ್ಲಿ ಕೂತು ಮಾತಾಡಿದರಂತೆ. ನೀಲಿ ಫೈಲಿನ ಮೊದಲನೇ ಸಹಿ ಅತ್ತೆಯದು. ಅಷ್ಟೇ ಅಲ್ಲ, ಎವರ್‌ಗ್ರೀನ್‌ನಲ್ಲಿ ವಾಕಿಂಗ್ ಹೋಗುವಾಗ ಸಿಗುವ ಐದಾರು ಹಿರಿಯರನ್ನು ಕರೆಸಿ ಅತ್ತೆಯೇ ಸಹಿ ಹಾಕಿಸಿದ್ದರಂತೆ. ನನಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಸುಮಾ ಕಮಿಟಿಯೊಳಗ ಇದ್ದಾಳ, ಆಕಿಗೆ ಗೊತ್ತಾದ್ರ ತ್ರಾಸ ಆಗ್ತದ, ಹೇಳಬ್ಯಾಡ್ರಿ ಅಂತ ವಿಮಲಾನೇ ಹೇಳಿದ್ದಳು ಅಂದರು ಅತ್ತೆ.

ನನ್ನ ಹೆಸರು ಕೆಡಬಾರದು ಅಂತ ಅವಳಿಗೂ ಕಾಳಜಿ ಇತ್ತು. ಆ ಫೈಲು ಅರ್ಧ ಗಂಟೆ ನನ್ನ ಕೈಗೆ ಎಟುಕುವ ಹಾಗೆ ಬಿದ್ದಿತ್ತು. ಒಂದು ಹಾಳೆ ತೆರೆದು ನೋಡಿದ್ದರೆ ಸಾಕಿತ್ತು.

ಗಂಡನ ಕಡೆ ನೋಡಿದೆ. ಅವರಿಗೂ ಗೊತ್ತಿರಲಿಲ್ಲ, ಸುಮ್ಮನೆ ರಿಮೋಟು ತಿರುಗಿಸುತ್ತಾ ಕೂತಿದ್ದರು. ನನಗೆ ಎಲ್ಲಿಂದಲೋ ಸಿಟ್ಟು ಬಂತು, ಯಾರ ಮೇಲೆ ಅಂತ ತಿಳಿಯಲಿಲ್ಲ. ಅಲ್ಲ ಅತ್ತೆ, ನಾನು ನಿಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗಲ್ಲ ಹೇಳಿ, ದೇವಸ್ಥಾನಕ್ಕೆ, ಯುಗಾದಿಗೆ, ನೀವು ಕೇಳಿದಾಗ ಯಾವತ್ತಾದ್ರೂ ಇಲ್ಲ ಅಂದಿದ್ದೀನಾ ಅಂದೆ.

ಅತ್ತೆ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟರು. ಅವರ ದನಿಯಲ್ಲಿ ದೂರು ಇರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ.

“ನೀ ಕರಕೊಂಡು ಹೋಗಂಗಿಲ್ಲ ಅಂತ ಸಹಿ ಮಾಡಿಲ್ಲವ್ವಾ. ಪ್ರತಿ ಸಲ ನಿನ್ನ ಕೇಳೋದು ತಪ್ತದಲ್ಲ ಅಂತ ಮಾಡೇನಿ.”

ನಮ್ಮ ಮನೆಯೊಳಗೇ ಒಂದು ಸಣ್ಣ ಪಕ್ಷ ಇದೆ ಅನ್ನುವುದು ಎಂಟು ವರ್ಷ ನನಗೆ ಯಾಕೆ ಗೊತ್ತಾಗಲಿಲ್ಲ?